ನಡತೆಯ ವರದಿ

ಬಸವಕಲ್ಯಾಣ
೧೯ ಜೂನ್ ೧೯೭೭

ಪ್ರೀತಿಯ ಶಿವರಾಜ,

ರೊಕ್ಕದ ವ್ಯವಸ್ಥೆ ಆಯಿತು. ಧಾರವಾಡಕ್ಕೆ ಹೊರಡುವ ತಯಾರಿ ಮಾಡು. ಈ ಮಾತನ್ನೇ ಮೊದಲು ಬರೆದೆ. ಪತ್ರ ಒಡೆದವನೇ ನೀನು ಇದನ್ನೇ ಹುಡುಕುತ್ತೀ ಎಂದು ಗೊತ್ತು.

ಅಡತಿ ಅಂಗಡಿಯ ಮಹಾರುದ್ರಪ್ಪನವರಲ್ಲಿ ನಾಲ್ಕು ಸಾವಿರ ತಂದಿದ್ದೇನೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಕೈಯ ಬಂಗಾರದ ಪಾಟ್ಲಿ ಮಾರೋಣವೆಂದು ಪತ್ತಾರನ ಹತ್ತಿರ ಹೋಗಿದ್ದೆ. ಹದಿನಾಲ್ಕು ನೂರರ ಮೇಲೆ ಒಂದು ಪೈಸೆ ಬರುವುದಿಲ್ಲ ಎಂದ. ಅದರಲ್ಲಿ ನಿನ್ನ ಒಂದು ವರ್ಷವೂ ಕಳೆಯುವುದಿಲ್ಲ. ತೀರಿಹೋದ ನಿನ್ನ ಭಾವ ಕೊಡಿಸಿದ್ದು ಅದೊಂದೇ; ತಿರುಗಿ ತಂದು ಕೈಗೆ ಹಾಕಿಕೊಂಡೆ.

ಸಾವಕಾರರು ಕೇಳಿದರು, "ಅಕ್ಕೋರ, ತಮ್ಮ ಏನ್ ಓದಾಂವ?"

"ಅಪರಾಧಶಾಸ್ತ್ರ ರಿ."

"ಅಂದ್ರ?"

"ಮನುಷ್ಯಾ ಗುನ್ಹೆ ಯಾಕ ಮಾಡ್ತಾನ, ಮಾಡಿದ ಮ್ಯಾಲ ಅವಗ ಏನ್ ಮಾಡಬೇಕು, ಅದನ್ನ ಓದೂದು."

ಅವರು ಹೊಟ್ಟೆ ಕುಣಿಸಿ ನಕ್ಕರು. "ಅದಕ್ಕ ನಾಕ್ ಸಾವಿರ ಯಾಕ ಬೇಕ್ರಿ? ನಮ್ಮ ಅಂಗಡ್ಯಾಗ ಎರಡ್ ದಿನಾ ಕುಂತರ ಎಲ್ಲಾ ತಿಳೀತದ."

ನಾನೂ ನಕ್ಕೆ. ಸಾಲ ಕೇಳಲು ಹೋದವರು ನಗಬೇಕಾಗುತ್ತದೆ. ಕಾಗದಕ್ಕೆ ನಾನು ಸಹಿ ಮಾಡಿದೆ. ನನ್ನ ಶಾಲೆಯ ಸಂಬಳವೊಂದರ ಮೇಲೆ ಅವರಿಗೆ ಭರವಸೆ ಬರಲಿಲ್ಲ. ಮನೆ ನಮ್ಮ ಅತ್ತೆಯ ಹೆಸರಿನಲ್ಲಿದೆಯಲ್ಲ, ಅವರನ್ನೇ ಜಾಮೀನು ಕೇಳಿದರು. ಅತ್ತೆ ಹೆಬ್ಬೆಟ್ಟು ಒತ್ತಿದರು. ಮನೆಗೆ ಬಂದ ಮೇಲೆ ಬಹಳ ಹೊತ್ತು ಆ ಬೆರಳಿನ ಮಸಿ ತಿಕ್ಕುತ್ತ ಕೂತಿದ್ದರು. ಮಗನೇ ಇಲ್ಲದ ಮೇಲೆ ಸೊಸೆಯ ತಮ್ಮನಿಗಾಗಿ ಯಾರು ಹೀಗೆ ಮಾಡುತ್ತಾರೆ? ಅವರಿಗೆ ಒಂದು ಕಾಗದ ಬೇರೆಯಾಗಿ ಬರೆ. ನಾನು ಓದಿ ಹೇಳುತ್ತೇನೆ.

ನಿನ್ನ ಅಕ್ಕ,
ಕಸ್ತೂರಿ

*

ಧಾರವಾಡ
೩ ಅಕ್ಟೋಬರ್ ೧೯೭೭

ಅಕ್ಕಾ,

ಈ ಪತ್ರವನ್ನು ಮೂರು ಸಲ ಹರಿದು ಬರೆಯುತ್ತಿದ್ದೇನೆ. ಸಿಟ್ಟಾಗದೆ ಪೂರ್ತಿ ಓದು.

ಪಾಠ ಚೆನ್ನಾಗಿದೆ. ತರಗತಿಯಲ್ಲಿ ಹನ್ನೊಂದು ಜನ. ಹೋದ ತಿಂಗಳು ಒಂದು ಜೈಲಿಗೆ ಕರೆದೊಯ್ದಿದ್ದರು. ಇಪ್ಪತ್ತು ವರ್ಷದ ಒಬ್ಬ ಕೈದಿ ನಮ್ಮೆದುರು ನಿಂತು, ತಾನು ಏನು ಮಾಡಿದೆ ಎನ್ನುವುದನ್ನು ಶಾಲೆಯ ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದ. ಎಷ್ಟು ಸಲ ಹೇಳಿಸಿರಬೇಕು ಅವನಿಂದ! ಈ ಓದು ನನ್ನದೇ ಎಂದು ಅನಿಸಿದ್ದು ಆ ದಿನವೇ.

ಆದರೆ ನಮಗಿಂತ ಮೊದಲು ಓದಿದವರ ಗತಿ ಏನಾಯಿತೆಂದು ವಿಚಾರಿಸಿದೆ. ಹಿಂದಿನ ಎರಡು ತಂಡದಲ್ಲಿ ಹದಿನೆಂಟು ಜನ. ಇಬ್ಬರು ಪೊಲೀಸ್ ಇಲಾಖೆಗೆ ಸೇರಿದ್ದಾರೆ. ಅದಕ್ಕೆ ಬರಿ ಬಿ.ಎ. ಸಾಕಿತ್ತು. ಒಬ್ಬ ಜೈಲಿನಲ್ಲಿದ್ದಾನೆ, ನೌಕರನಾಗಿ. ಒಬ್ಬ ಇಲ್ಲೇ ಪಾಠ ಹೇಳುತ್ತಾನೆ. ಮೂವರು ಬ್ಯಾಂಕಿನ ಗುಮಾಸ್ತರು. ಉಳಿದವರೆಲ್ಲ ಮನೆಯಲ್ಲಿ. ನಮ್ಮ ಮೇಷ್ಟ್ರನ್ನೇ ಕೇಳಿದೆ: "ಸರ್, ಈ ಪದವಿಯೇ ಬೇಕು ಎನ್ನುವ ಹುದ್ದೆ ರಾಜ್ಯದಲ್ಲಿ ಎಷ್ಟಿವೆ?" ಅವರು ಕನ್ನಡಕ ತೆಗೆದು ಒರೆಸಿದರು. "ಬೆರಳಲ್ಲಿ ಎಣಿಸಬಹುದು. ಖಾಲಿಯಾದಾಗ ಒಂದೊಂದು ಕರೆಯುತ್ತಾರೆ" ಎಂದರು.

ಇಲ್ಲಿಯವರೆಗೆ ಒಂಬತ್ತು ನೂರು ಖರ್ಚಾಗಿದೆ. ಮೂರು ಸಾವಿರದ ನೂರು ನನ್ನ ಪೆಟ್ಟಿಗೆಯಲ್ಲಿದೆ. ಈಗಲೇ ಬಿಟ್ಟು ಬಂದು ಅದನ್ನು ತಿರುಗಿ ಕೊಟ್ಟರೆ ಒಂಬತ್ತು ನೂರಕ್ಕೆ ಎಲ್ಲ ಮುಗಿಯುತ್ತದೆ. ನಾನು ಎಲ್ಲಾದರೂ ಮಾಸ್ತರಿಕೆ ಹಿಡಿದು ವರ್ಷದಲ್ಲಿ ತೀರಿಸುತ್ತೇನೆ. ಮುಂದೆ ಓದಿದರೆ, ಸಂಬಳ ಬಂದೀತೆಂಬ ಭರವಸೆಯಿಲ್ಲ. ಬಡ್ಡಿ ಮಾತ್ರ ತಪ್ಪುವುದಿಲ್ಲ.

ನೀನು ಹೇಳಿದ ಹಾಗೆ ಮಾಡುತ್ತೇನೆ.

ಶಿವರಾಜ

*

ಬಸವಕಲ್ಯಾಣ
೧೧ ಅಕ್ಟೋಬರ್ ೧೯೭೭

ಶಿವರಾಜ,

ನೀನು ಬರೆದ ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ಓದು.

ಅಪ್ಪ ಇಪ್ಪತ್ತಾರು ವರ್ಷ ಹುಮನಾಬಾದದ ಕೋರ್ಟಿನ ಬಾಗಿಲಲ್ಲಿ ಜವಾನನ ಪಟ್ಟಿ ಹಾಕಿಕೊಂಡು ನಿಂತರು. ನೀನಿನ್ನೂ ಸಣ್ಣವನು. ನಾನು ಬುತ್ತಿ ಒಯ್ಯುತ್ತಿದ್ದೆ. ಒಂದು ದಿನ, ಮೀಸೆಯೂ ಮೂಡದ ಒಬ್ಬನಿಗೆ ಶಿಕ್ಷೆಯಾಯಿತು. ಅವನ ತಾಯಿ ಅಪ್ಪನ ಕೈ ಹಿಡಿದು, "ಎಷ್ಟ್ ವರ್ಷ ಅಂದ್ರು ರಿ? ಯಾಕ ಅಂದ್ರು ರಿ?" ಎಂದು ಕೇಳಿದಳು. ಅಪ್ಪ ಮನೆಗೆ ಬಂದು ಅವ್ವನಿಗೆ ಹೇಳಿದ್ದು ನನಗೆ ಇನ್ನೂ ಕೇಳಿಸುತ್ತದೆ: "ಒಳಗ ಏನ್ ಬರೀತಾರ ನನಗ ಗೊತ್ತಿಲ್ಲ. ಹೊರಗ ಏನ್ ಆಗತದ ಅಷ್ಟ ಗೊತ್ತು."

ನೀನು ಒಳಗೆ ಬರೆಯುವವನಾಗಬೇಕು. ತಿಂಗಳಿಗೆ ಎಂಬತ್ತು ರೂಪಾಯಿ ನನ್ನ ಸಂಬಳದಲ್ಲಿ ಹೋದರೆ ನಾವು ಸಾಯುವುದಿಲ್ಲ. ಪೆಟ್ಟಿಗೆಯಲ್ಲಿ ರೊಕ್ಕ ಇಡಬೇಡ, ಅಂಚೆಕಚೇರಿಯಲ್ಲಿ ಹಾಕು.

ಕಸ್ತೂರಿ

*

ಹುಮನಾಬಾದ
೨೭ ಜನವರಿ ೧೯೮೦

ಅಕ್ಕಾ,

ಪಿ.ಎಸ್.ಐ. ಆಯ್ಕೆ ಈ ಸಲವೂ ಆಗಲಿಲ್ಲ. ಬರೆಯುವ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿದ್ದವು. ಎದೆಯಳತೆ ಒಂದು ಇಂಚು ಕಡಿಮೆ. ಟೇಪು ಹಿಡಿದವನು "ಉಸಿರ್ ತುಂಬ್ಕೋಪಾ, ಇನ್ನಾ ತುಂಬ್ಕೋ" ಎಂದು ಎರಡು ಸಲ ಅವಕಾಶ ಕೊಟ್ಟ. ಪಾಪ, ಅವನ ತಪ್ಪಿಲ್ಲ. ಎಂ.ಎ. ಪ್ರಮಾಣಪತ್ರವನ್ನು ಯಾರೂ ಕೇಳಲೇ ಇಲ್ಲ. ಕಂಕುಳಲ್ಲಿ ಹಿಡಿದುಕೊಂಡು ಹೋಗಿದ್ದೆ, ಹಾಗೆಯೇ ಹಿಡಿದುಕೊಂಡು ಬಂದೆ.

ಪದವಿ ಬಂದು ಏಳು ತಿಂಗಳಾಯಿತು. ಹೆದ್ದಾರಿಯ ಪೆಟ್ರೋಲ್ ಪಂಪಿನಲ್ಲಿ ಲೆಕ್ಕ ಬರೆಯಲು ಸೇರಿಕೊಂಡಿದ್ದೇನೆ. ತಿಂಗಳಿಗೆ ನೂರಾ ನಲವತ್ತು. ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಲಾರಿಯವರಿಗೆ ಮಾಲಕ ನನ್ನನ್ನು ತೋರಿಸಿ ನಗುತ್ತಾನೆ: "ಇಂವ ನಮ್ಮ ಚೋರರ ಎಂ.ಎ. ಡೀಸೆಲ್ ಕದ್ರ ನೋಡ್ರಿ, ಯಾಕ ಕದ್ರಿ ಅಂತ ಬರೋಬ್ಬರಿ ಹೇಳ್ತಾನ." ಮೊದಲು ಮೈ ಉರಿಯುತ್ತಿತ್ತು. ಈಗ ನಾನೂ ನಗುತ್ತೇನೆ.

ಹಬ್ಬಕ್ಕೆ ನಿಮ್ಮಲ್ಲಿ ಬಂದಾಗ ನೀನು ನೀರಿಗೆ ಹೋಗಿದ್ದ ಹೊತ್ತಿನಲ್ಲಿ ಮುಕ್ತಾಬಾಯಿ ಅತ್ತೆ ನನ್ನನ್ನು ಕೇಳಿದರು. ಬೈಯಲಿಲ್ಲ, ಹವಾ ಹೇಗಿದೆ ಎಂದು ಕೇಳುವ ಹಾಗೆ ಕೇಳಿದರು: "ಶಿವರಾಜ, ನನ್ನ ಮನಿ ಆ ಸಾವಕಾರನ ಪೆಟಗ್ಯಾಗ ಇನ್ನಾ ಎಷ್ಟ್ ವರ್ಷ ಇರತದಪಾ?" ಅದಕ್ಕೇ ಆ ದಿನ ಊಟಕ್ಕೆ ನಿಲ್ಲದೆ ಬಸ್ಸು ಹಿಡಿದೆ. ನೀನು ಕಾರಣ ಕೇಳಿ ಎರಡು ಪತ್ರ ಬರೆದೆ. ಇದೇ ಕಾರಣ.

ಐವತ್ತು ರೂಪಾಯಿ ಮನಿಯಾರ್ಡರ್ ಮಾಡಿದ್ದೇನೆ. ಬಡ್ಡಿಗೂ ಸಾಲುವುದಿಲ್ಲ.

ಶಿವರಾಜ

*

ಬೀದರ
೫ ಆಗಸ್ಟ್ ೧೯೮೧

ಅಕ್ಕಾ,

ಮೊನ್ನೆ ಕೆಲಸಕ್ಕೆ ಹಾಜರಾದೆ. ಪ್ರೊಬೇಷನ್ ಆಫೀಸರ್. ಕೈಗೆ ಆರು ನೂರಾ ನಲವತ್ತು ಬರುತ್ತದೆ. ಎರಡು ಕೋಣೆಯ ಕಚೇರಿ, ಒಂದು ಬೀರು, ಅಬ್ದುಲ್ ರಜಾಕ್ ಎಂಬ ಒಬ್ಬ ಟೈಪಿಸ್ಟು. ನನಗಿಂತ ಹತ್ತು ವರ್ಷ ದೊಡ್ಡವನು. ಮೊದಲ ದಿನವೇ ತನ್ನ ಡಬ್ಬಿಯಲ್ಲಿ ಅರ್ಧ ನನಗೆ ತೆಗೆದಿಟ್ಟ.

ಈ ಹುದ್ದೆ ಏನೆಂದು ಅತ್ತೆಗೆ ಹೀಗೆ ಹೇಳು. ಇಪ್ಪತ್ತೊಂದು ತುಂಬದವನು ಗುನ್ಹೆ ಮಾಡಿದ್ದು ಸಾಬೀತಾದರೆ, ಜೈಲಿಗೆ ಹಾಕುವ ಮೊದಲು ನ್ಯಾಯಾಧೀಶರು ನನ್ನನ್ನು ಕೇಳುತ್ತಾರೆ. ನಾನು ಅವನ ಮನೆಗೆ, ಓಣಿಗೆ, ಪೆಟ್ಟು ತಿಂದವರ ಮನೆಗೆ ಹೋಗಿ ಅವನ ನಡತೆಯ ವರದಿ ಬರೆಯಬೇಕು. ತಿದ್ದಿಕೊಳ್ಳುವವನಾದರೆ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡುತ್ತಾರೆ. ಅಂಥವನಲ್ಲದಿದ್ದರೆ ಜೈಲು.

ಇದೊಂದು ಹುದ್ದೆಗೆ ಮಾತ್ರ ಅವರು ನನ್ನ ಪ್ರಮಾಣಪತ್ರ ಕೇಳಿದರು ಅಕ್ಕಾ. ಮಡಿಕೆ ಬಿಚ್ಚಿ ಓದಿ ನೋಡಿದರು.

ಇನ್ನು ಮೇಲೆ ತಿಂಗಳಿಗೆ ಎರಡು ನೂರು ಕಳಿಸುತ್ತೇನೆ. ಎಂಬತ್ತು ಬಡ್ಡಿಗೆ ಕೊಟ್ಟು ಉಳಿದದ್ದನ್ನು ಅಸಲಿಗೆ ಜಮಾ ಮಾಡು.

ಶಿವರಾಜ

*

ಬಸವಕಲ್ಯಾಣ
೨೦ ಡಿಸೆಂಬರ್ ೧೯೮೨

ಶಿವರಾಜ,

ಅತ್ತೆ ಈಗ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೆ. ಸೋಲಾಪುರದಲ್ಲಿ ಸೊಂಟದ ಆಪರೇಷನ್ನಿಗೆ, ಅಸಲಿಗೆಂದು ಅಂಚೆಕಚೇರಿಯಲ್ಲಿಟ್ಟ ಎಲ್ಲವೂ ಹೋಯಿತು. ಅಸಲು ಒಮ್ಮೆಗೇ ಪೂರ್ತಿ ಕೊಡಬೇಕು, ಚೂರು ಚೂರು ಬೇಡ ಎಂದು ಸಾವಕಾರರು ಹಟ ಹಿಡಿಯದಿದ್ದರೆ ಅರ್ಧವಾದರೂ ಆ ಮೊದಲೇ ತೀರಿರುತ್ತಿತ್ತು. ಇರಲಿ.

ಈಗ ಬೇರೆ ವಿಷಯ. ಮಹಾರುದ್ರಪ್ಪನವರ ಮಗ ವೈಜನಾಥನ ಕೇಸು ನಿನಗೂ ಗೊತ್ತಿರಬೇಕು. ಅವರ ಅಂಗಡಿಯ ಹಮಾಲ ನಾರಾಯಣಪುರದ ತುಳಜಾರಾಮ, ಮೂರು ವಾರದ ಹಮಾಲಿ ಬಾಕಿ ಕೊಡಿ ಎಂದು ರೈತರೆದುರು ಕೇಳಿದನಂತೆ. ಆ ಹುಡುಗ ಸೊಂಟದ ಪಟ್ಟಾ ಬಿಚ್ಚಿ ಹೊಡೆದ. ಬಕಲ್ಲು ಬಡಿದು ತುಳಜಾರಾಮನ ಎಡಗಣ್ಣು ಹೋಯಿತು. ಹೋದ ವಾರ ಗುನ್ಹೆ ಸಾಬೀತಾಯಿತು. ವೈಜನಾಥನಿಗೆ ಇಪ್ಪತ್ತೊಂದು ತುಂಬಲು ಇನ್ನೂ ನಾಲ್ಕು ತಿಂಗಳಿದೆಯಂತೆ. ಹಾಗಾಗಿ ನಿನ್ನ ವರದಿ ಬರುವವರೆಗೆ ಶಿಕ್ಷೆ ಹೇಳುವುದಿಲ್ಲ ಎಂದು ಊರಲ್ಲಿ ಮಾತು.

ತುಳಜಾರಾಮನ ಹೆಂಡತಿ ಗಯಾಬಾಯಿ ಶಾಲೆ ಬಿಡುವ ಹೊತ್ತಿಗೆ ಬಂದು ಗೇಟಿನ ಹೊರಗೆ ನಿಂತಿದ್ದಳು. ಒಳಗೆ ಕರೆದರೂ ಬರಲಿಲ್ಲ. "ಅಕ್ಕೋರ, ಸಾಹೇಬ್ರು ನಿಮ್ಮ ತಮ್ಮ ಅಂತ ಕೇಳೀನಿ. ನಾ ಬ್ಯಾರೆ ಏನೂ ಬೇಡಂಗಿಲ್ಲ. ಖರೆ ಇದ್ದದ್ದು ಬರೀರಿ ಅನ್ರಿ, ಅಷ್ಟ" ಎಂದಳು.

ಮಹಾರುದ್ರಪ್ಪನವರೂ ಮನೆಗೆ ಬಂದಿದ್ದರು. ಚಹಾ ಕುಡಿದು ಹೋದರು.

ನಿನ್ನ ಕೆಮ್ಮು ಹೇಗಿದೆ?

ಕಸ್ತೂರಿ

*

ಬೀದರ
೪ ಜನವರಿ ೧೯೮೩

ಅಕ್ಕಾ,

ಚಹಾ ಕುಡಿದು ಹೋದರು ಎಂದು ಬರೆದೆ. ಏನು ಹೇಳಿ ಹೋದರು ಎಂದು ಬರೆಯಲಿಲ್ಲ. ನನ್ನ ಹತ್ತಿರವೂ ಬಂದಿದ್ದರು, ಆದ್ದರಿಂದ ನನಗೆ ಗೊತ್ತು.

ಮೊದಲು ವಿಚಾರಣೆಯದ್ದು ಹೇಳುತ್ತೇನೆ. ನಾರಾಯಣಪುರಕ್ಕೆ ಹೋಗಿದ್ದೆ. ತುಳಜಾರಾಮ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಒಂದೇ ಕಣ್ಣಿನಲ್ಲಿ ದೂರ ಹತ್ತಿರ ತಿಳಿಯುವುದಿಲ್ಲವಂತೆ. ಚೀಲ ಹೊತ್ತು ಹಲಗೆಯ ಮೇಲೆ ಲಾರಿ ಹತ್ತಲು ಹೋಗಿ ಎರಡು ಸಲ ಬಿದ್ದ ಮೇಲೆ ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. ಗಯಾಬಾಯಿ ಕೂಲಿಗೆ ಹೋಗುತ್ತಾಳೆ. ಅಂಗಡಿಯ ಹಳೆಯ ಹಮಾಲನೊಬ್ಬ, ಹೆಸರು ಬರೆಯಬೇಡಿ ಎಂದು ಕೈ ಮುಗಿದು, ಅದರ ಹಿಂದಿನ ವರ್ಷವೂ ವೈಜನಾಥ ಒಬ್ಬನ ಕೈ ಮುರಿದಿದ್ದ, ರೊಕ್ಕ ಕೊಟ್ಟು ಮುಚ್ಚಿದರು ಎಂದ. ಆಮೇಲೆ ವೈಜನಾಥನನ್ನೇ ಕೇಳಿದೆ: "ಮಾಡಿದ್ದಕ್ಕ ಏನ್ ಅನಸ್ತದ?" ಗಾದಿಯ ಮೇಲೆ ಕೂತು ತೊಗರಿಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದ. "ಇನ್ನೊಂದ್ ಕಣ್ಣ ಅದಲ್ಲರಿ ಅವಗ" ಎಂದ.

ಧಾರವಾಡದಲ್ಲಿ ಕಲಿತದ್ದಷ್ಟನ್ನೂ ಒಟ್ಟು ಮಾಡಿದರೂ ಅವನಿಗೆ ಒಳ್ಳೆಯ ವರದಿ ಬರೆಯಲು ಒಂದು ಸಾಲು ಸಿಗುವುದಿಲ್ಲ.

ಮಹಾರುದ್ರಪ್ಪನವರು ನನ್ನ ಕೋಣೆಗೆ ಬಂದರು. ಹಣ್ಣಿನ ಬುಟ್ಟಿ ತಂದಿದ್ದರು, ತಿರುಗಿ ಕಳಿಸಿದೆ. ಬಹಳ ಮೆತ್ತಗೆ ಮಾತಾಡಿದರು. "ಸಾಹೇಬ್ರ, ನಾ ಲಂಚಾ ಕೊಡಾಕ ಬಂದಿಲ್ಲ. ನಿಮ್ಮನ್ನ ಓದಿಸಿದ್ದು ಯಾರ ರೊಕ್ಕಾ? ಅಷ್ಟ ನೆನಪ್ ಮಾಡಾಕ ಬಂದೀನಿ. ಹುಡುಗ ಮನಿಗೆ ಬಂದ್ರ ಅಕ್ಕೋರ ಕಾಗದ ನನ್ನ ಕೈಯಾರೆ ಹರೀತೀನಿ. ಜೇಲಿಗೆ ಹ್ವಾದ್ರ ಮರುದಿನಾನೇ ದಾವಾ. ಆ ಮುದುಕಿ ಸೊಂಟಾ ಮುರಕೊಂಡ್ ಮಲಗ್ಯಾಳ, ಆಕೀನ್ನ ಹೊರಗ ಹಾಕಾಕ ನನಗೂ ಮನಸಿಲ್ಲ."

ನಾಲ್ಕು ಸಾವಿರ ತಂದೆವು. ಇಲ್ಲಿಯವರೆಗೆ ಬಡ್ಡಿಯೆಂದೇ ಐದು ಸಾವಿರಕ್ಕೂ ಮೇಲೆ ಕಟ್ಟಿದೆವು. ನಾಲ್ಕು ಸಾವಿರ ಹಾಗೆಯೇ ನಿಂತಿದೆ. ನನ್ನ ಪದವಿ ದುಡಿದದ್ದಕ್ಕಿಂತ ತಿಂದದ್ದೇ ಹೆಚ್ಚು. ಈಗ ಅದೇ ಪದವಿಯಿಂದ ಐದು ಸಾಲು ಬರೆದರೆ ಎಲ್ಲ ತೀರುತ್ತದೆ. ಅದೂ ನಾನು ಕೆಟ್ಟವನಾಗಿ ಅಲ್ಲ, ಅತ್ತೆಯ ಮನೆಗಾಗಿ. ಹೀಗೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಗುನ್ಹೆ ಮಾಡಿದವರು ತಮಗೆ ತಾವೇ ಹೀಗೆಯೇ ಹೇಳಿಕೊಳ್ಳುತ್ತಾರೆ ಎಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಮೊದಲನೆಯವನಾದವನು ನಾನು.

ಹದಿನೆಂಟರೊಳಗೆ ವರದಿ ಕಳಿಸಬೇಕು. ಏನು ಮಾಡಲಿ?

ಶಿವರಾಜ

*

ಬಸವಕಲ್ಯಾಣ
೯ ಜನವರಿ ೧೯೮೩

ಶಿವರಾಜ,

ಇದ್ದದ್ದನ್ನು ಬರೆ.

ಕಾಗದದ ಚಿಂತೆ ನನಗೆ ಬಿಡು. ಅದಕ್ಕೆ ಸಹಿ ಮಾಡಿದವಳು ನಾನು, ನೀನಲ್ಲ. ನಿನ್ನ ಪತ್ರವನ್ನು ಅತ್ತೆಗೆ ಪೂರ್ತಿ ಓದಿ ಹೇಳಿದೆ, ಮುಚ್ಚಿಡಲಿಲ್ಲ. ಅವರು ಗೋಡೆಯ ಕಡೆ ಹೊರಳಿ, "ಆ ಹೆಣ್ಮಗಳು ಗೇಟಿನ ಹೊರಗ ಯಾಕ ನಿಂತಳು, ಒಳಗ ಕರೀಬೇಕಿಲ್ಲ?" ಎಂದರು. ಅಷ್ಟೇ.

ಕಸ್ತೂರಿ

*

ಬೀದರ
೨೨ ಜನವರಿ ೧೯೮೩

ಅಕ್ಕಾ,

ವರದಿ ಕಳಿಸಿದೆ. ನೀನು ಹೇಳಿದ ಹಾಗೆಯೇ ಆಯಿತು. ಕಚೇರಿಯಲ್ಲಿ ಕೆಲಸ ಬಹಳ. ಈ ತಿಂಗಳು ಊರಿಗೆ ಬರಲಾಗುವುದಿಲ್ಲ. ಅತ್ತೆಗೆ ಔಷಧ ತಪ್ಪಿಸಬೇಡ.

ಶಿವರಾಜ

*

ಬಸವಕಲ್ಯಾಣ
೧೬ ಫೆಬ್ರವರಿ ೧೯೮೩

ಶಿವರಾಜ,

ನಿನ್ನೆ ಶಾಲೆ ಬಿಟ್ಟ ಮೇಲೆ ಮಹಾರುದ್ರಪ್ಪನವರ ಅಂಗಡಿಗೆ ಹೋಗಿದ್ದೆ. ಚೀಲದಲ್ಲಿ ನಾಲ್ಕು ಸಾವಿರದ ಮುನ್ನೂರು ರೂಪಾಯಿ ಇತ್ತು. ಪಾಟ್ಲಿ ಮಾರಿದೆ. ಬಂಗಾರದ ಧಾರಣೆ ಈಗ ಆಗಿನ ಮೂರು ಪಟ್ಟು. ನಿನಗೆ "ಇದ್ದದ್ದನ್ನು ಬರೆ" ಎಂದು ಬರೆದ ದಿನವೇ ಪತ್ತಾರನಿಗೆ ಹೇಳಿದ್ದೆ. ಗಿರಾಕಿ ಸಿಗಲು ತಿಂಗಳು ಹಿಡಿಯಿತು. ಅದನ್ನು ಪತ್ರದಲ್ಲಿ ಬರೆಯಬೇಕಿತ್ತು. ಬರೆದರೆ ಬೇಡ ಅನ್ನುತ್ತೀ ಎಂದು ಬರೆಯಲಿಲ್ಲ. ಅಷ್ಟು ತಪ್ಪು ನನ್ನದು.

ಅಂಗಡಿಯಲ್ಲಿ ಪೇಢೆ ಹಂಚುತ್ತಿದ್ದರು. ವೈಜನಾಥ ಗಾದಿಯ ಮೇಲೆ ಕೂತಿದ್ದ. ಎರಡು ವರ್ಷದ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿದ್ದಾರೆಂದು ಆಗ ತಿಳಿಯಿತು. ಕೋರ್ಟು ಏನೋ ತನ್ನ ಮನಸ್ಸಿನಿಂದ ಮಾಡಿರಬೇಕು ಎಂದುಕೊಂಡೆ. ಖರೆ ಹೇಳುತ್ತೇನೆ, ನಿನ್ನ ಮೇಲೆ ಅನುಮಾನ ಬರಲಿಲ್ಲ. ರೊಕ್ಕ ತೆಗೆದು ಗಾದಿಯ ಮೇಲಿಟ್ಟೆ.

ಸಾವಕಾರರು ಅದನ್ನು ಮುಟ್ಟಲಿಲ್ಲ. "ಇದ್ಯಾಕ ತಂದ್ರಿ ಅಕ್ಕೋರ? ಲೆಕ್ಕಾ ಮುಗದದ. ನಿಮ್ಮ ತಮ್ಮ ಮುಗಿಸ್ಯಾನ" ಎಂದರು. ಪೆಟ್ಟಿಗೆ ತೆಗೆದು ನನ್ನ ಕಾಗದ ನನ್ನೆದುರೇ ಹರಿದರು. ನಾಲ್ಕು ಜನ ಹಮಾಲರು ನೋಡುತ್ತಿದ್ದರು. ಅತ್ತೆಯ ಹೆಬ್ಬೆಟ್ಟಿನ ಗುರುತು ಎರಡು ಹೋಳಾಗಿ ನೆಲಕ್ಕೆ ಬಿತ್ತು. "ಪೇಢೆ ತಗೋರಿ" ಎಂದರು.

ಮನೆಗೆ ಬರಲಿಲ್ಲ ನಾನು. ನಾರಾಯಣಪುರಕ್ಕೆ ಹೋದೆ. ಗಯಾಬಾಯಿ ಒಲೆ ಹಚ್ಚುತ್ತಿದ್ದಳು. ರೊಕ್ಕವನ್ನು ಅವಳ ಮುಂದೆ ಇಟ್ಟೆ. ಅವಳು ನೋಟುಗಳನ್ನು ನೋಡಿದಳು, ನನ್ನ ಬರಿಗೈ ನೋಡಿದಳು. "ನನಗ ಕೊಡಬ್ಯಾಡ್ರಿ ಅಕ್ಕೋರ. ನಾ ಉಂಡ್ ಮುಗಸ್ತೀನಿ. ವಕೀಲಗ ಕೊಡ್ರಿ" ಎಂದಳು.

ಇವತ್ತು ರಜೆ ಹಾಕಿ ಅವಳನ್ನು ಕರೆದುಕೊಂಡು ವಕೀಲರ ಹತ್ತಿರ ಹೋಗಿ ಬಂದೆ. ಮೇಲಿನ ಕೋರ್ಟಿಗೆ ಅಪೀಲು ಹಾಕುತ್ತಾರೆ. ಅವರು ನಿನ್ನ ವರದಿಯ ನಕಲು ತೆಗೆಸಿ ಓದಿ ಹೇಳಿದರು. "ಹಿಂದೆ ಯಾವ ದೂರೂ ಇಲ್ಲ. ಮಾಡಿದ ಕೃತ್ಯಕ್ಕೆ ಮನಃಪೂರ್ವಕ ಪಶ್ಚಾತ್ತಾಪ ಪಡುತ್ತಿದ್ದಾನೆ." ಗಯಾಬಾಯಿ ನನ್ನ ಪಕ್ಕದಲ್ಲೇ ಕೂತು ಕೇಳಿದಳು.

ನೀನು ಸತ್ಯ ಬರೆದು ನಮ್ಮ ಮನೆ ಹೋಗಿದ್ದರೆ ನಾನು ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡಾದರೂ ಹುಮನಾಬಾದಕ್ಕೆ, ಅಪ್ಪ ಬಿಟ್ಟುಹೋದ ಕೋಣೆಗೆ ಹೋಗುತ್ತಿದ್ದೆ. ನನ್ನನ್ನು ಕೇಳಿದೆಯಲ್ಲ, ಏನು ಮಾಡಲಿ ಎಂದು. ಕೇಳಿದ್ದಾದರೂ ಯಾಕೆ?

ಇನ್ನು ರೊಕ್ಕ ಕಳಿಸಬೇಡ.

ಕಸ್ತೂರಿ

*

ಬೀದರ
೧೮ ಜೂನ್ ೧೯೮೩

ಅಕ್ಕಾ,

ನಾಲ್ಕನೆಯ ಮನಿಯಾರ್ಡರೂ ತಿರುಗಿ ಬಂತು. ನಾಲ್ಕು ಪತ್ರಗಳಿಗೂ ಉತ್ತರವಿಲ್ಲ. ಏಪ್ರಿಲ್‌ನಲ್ಲಿ ಬಂದಾಗ ಅತ್ತೆ ಬಾಗಿಲು ತೆಗೆದರು, ನೀರು ಕೊಟ್ಟರು. ನೀನು ಒಳಕೋಣೆಯಲ್ಲೇ ಇದ್ದೆ. ಬಳೆಯ ಸದ್ದಿಲ್ಲದಿದ್ದರೂ ನಿನ್ನ ಹೆಜ್ಜೆ ನನಗೆ ಗೊತ್ತಾಗುತ್ತದೆ.

ಆ ಪತ್ರಗಳಲ್ಲಿ ಕಾರಣಗಳನ್ನೇ ಬರೆದಿದ್ದೆ. ಇದರಲ್ಲಿ ಕಾರಣವಿಲ್ಲ. ನಡೆದದ್ದಷ್ಟೇ ಇದೆ.

ಜನವರಿ ಹದಿನೇಳರಂದು ಎರಡು ವರದಿ ಬರೆದಿಟ್ಟುಕೊಂಡಿದ್ದೆ. ಮೊದಲು ಖರೆಯದನ್ನೇ ಅಬ್ದುಲ್ ರಜಾಕನಿಗೆ ಟೈಪಿಗೆ ಕೊಟ್ಟೆ. ಅವನು ಅರ್ಧ ಟೈಪು ಮಾಡಿದ್ದಾಗ ಹೋಗಿ ಹಾಳೆಯನ್ನು ಯಂತ್ರದಿಂದ ಎಳೆದುಕೊಂಡೆ. ಇನ್ನೊಂದನ್ನು ಕೊಟ್ಟೆ. ಅವನು ಅದನ್ನು ಓದಿದ. "ಸಾಬ್, ಇದು ಅದೇ ಹುಡುಗಂದಾ?" ಎಂದ. ಹೌದು ಎಂದೆ. ಟೈಪು ಮಾಡಿ ಕೊಟ್ಟ. ಆ ದಿನದಿಂದ ಡಬ್ಬಿ ತೆಗೆದುಕೊಂಡು ಹೊರಗಿನ ಕಟ್ಟೆಗೆ ಹೋಗಿ ಉಣ್ಣುತ್ತಾನೆ.

ನಿನ್ನ ಮಾತನ್ನು ನಂಬಲಿಲ್ಲ ನಾನು. ನೀನು ಏನು ಮಾಡಬಲ್ಲೆ, ನಿನ್ನ ಹತ್ತಿರ ಏನಿದೆ ಎಂದುಕೊಂಡೆ. ಆರು ವರ್ಷ ನೀನು ನನ್ನನ್ನು ಹೊತ್ತಿದ್ದಕ್ಕೆ ಒಮ್ಮೆಯಾದರೂ ನಾನು ನಿನ್ನನ್ನು ಬಿಡಿಸಿದೆ ಎಂದು ಅನಿಸಿಕೊಳ್ಳುವ ಆಸೆಯೂ ಇತ್ತು. ತುಳಜಾರಾಮನ ನೆನಪು ಬರದ ಹಾಗೆ ನೋಡಿಕೊಂಡೆ. ಅದು ಕಷ್ಟವಾಗಲಿಲ್ಲ. ಅದೇ ಈಗ ಹೆದರಿಕೆ.

ಅಪೀಲಿನಲ್ಲಿ ನನಗೆ ಸಮನ್ಸು ಬಂದಿದೆ. ವರದಿ ಸರಿ ಎಂದರೆ ನನ್ನ ನೌಕರಿ ಉಳಿಯುತ್ತದೆ. ಸುಳ್ಳು ಎಂದರೆ ಅಮಾನತು. ಆಮೇಲೆ ವಿಚಾರಣೆ, ಬಹುಶಃ ನನ್ನ ಮೇಲೆಯೇ ಕೇಸು. ಏನು ಮಾಡಲಿ ಎಂದು ಈ ಸಲ ಕೇಳುವುದಿಲ್ಲ.

ಶಿವರಾಜ

*

ಬೀದರ
೭ ಡಿಸೆಂಬರ್ ೧೯೮೩

ಅಕ್ಕಾ,

ಇವತ್ತು ಹೇಳಿಕೆ ಕೊಟ್ಟೆ.

ನೀನು ಬಂದಿರಬಹುದೆಂದು ಅಂಗಳದಲ್ಲೆಲ್ಲ ನೋಡಿದೆ. ಶಾಲೆಯಲ್ಲಿ ಪರೀಕ್ಷೆ ಇದೆಯೆಂದು ಗಯಾಬಾಯಿ ಹೇಳಿದಳು.

ಕಟಕಟೆಯಲ್ಲಿ ಬಹಳ ಹೊತ್ತು ನಿಲ್ಲಿಸಲಿಲ್ಲ. ವರದಿ ತೋರಿಸಿ ಸಹಿ ನಿಮ್ಮದೇ ಏನು ಎಂದು ಕೇಳಿದರು. ನನ್ನದೇ ಎಂದೆ. ಇದರಲ್ಲಿ ಬರೆದದ್ದು ನಿಜವೇ ಎಂದರು. ಎರಡು ಮಾತು ಸುಳ್ಳು, ಆ ಎರಡೇ ಮಾತಿನಿಂದ ಅವನು ಬಿಡುಗಡೆಯಾದ ಎಂದೆ. ನನ್ನ ಟಿಪ್ಪಣಿ ಪುಸ್ತಕವನ್ನೂ, ಯಂತ್ರದಿಂದ ಎಳೆದುಕೊಂಡ ಅರ್ಧ ಹಾಳೆಯನ್ನೂ ಕೊಟ್ಟೆ. ಯಾಕೆ ಹೀಗೆ ಮಾಡಿದಿರಿ ಎಂದಾಗ ಸಾಲದ ಮಾತು ಹೇಳಿದೆ. ನಿನ್ನ ಹೆಸರು ತರಬಾರದೆಂದು ಬಹಳ ಪ್ರಯತ್ನಿಸಿದೆ. ಆಗಲಿಲ್ಲ, ಎಲ್ಲವನ್ನೂ ಬಿಡಿಸಿ ಕೇಳಿದರು. ಕ್ಷಮಿಸು.

ಕೊನೆಗೆ ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನೀವು ಇದೇ ವಿಷಯದಲ್ಲಿ ಎಂ.ಎ. ಮಾಡಿದವರಲ್ಲವೇ? ಇಂಥ ವರದಿಯಿಂದ ಏನಾಗುತ್ತದೆ ಎಂದು ನಿಮಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು ಸ್ವಾಮಿ" ಎಂದೆ. ಅದನ್ನೂ ಬರೆದುಕೊಂಡರು.

ವೈಜನಾಥನದು ಏನಾಗುತ್ತದೆಯೋ ತಿಳಿಯದು. ತೀರ್ಪು ಮುಂದಿನ ತಿಂಗಳು. ವರದಿ ಬಿದ್ದುಹೋದರೂ ಅವರ ವಕೀಲರು ದೊಡ್ಡವರು. ನನ್ನ ಅಮಾನತಿನ ಆದೇಶ ನಾಳೆ ನಾಡಿದ್ದರಲ್ಲಿ ಕೈಗೆ ಬರುತ್ತದೆ. ಕೋಣೆ ಬಿಡುತ್ತೇನೆಂದು ಮಾಲಕನಿಗೆ ಹೇಳಿದ್ದೇನೆ. ಹುಮನಾಬಾದಕ್ಕೆ ಹೋಗುತ್ತೇನೆ. ಪಂಪಿನವನು ಮತ್ತೆ ತೆಗೆದುಕೊಳ್ಳಬಹುದು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ.

ಹೊರಗೆ ಬಂದೆ. ಪಡಸಾಲೆಯಲ್ಲಿ ಒಂದೇ ಬೆಂಚು. ಅದರ ಮೇಲೆ ತುಳಜಾರಾಮ ಮತ್ತು ಗಯಾಬಾಯಿ ಕೂತಿದ್ದರು. ನಾನು ಗೋಡೆಗೆ ಒರಗಿ ನಿಂತೆ. ಗಯಾಬಾಯಿ ನನ್ನ ಕಡೆ ನೋಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಬಸ್ಸಿನ ಚಿಲ್ಲರೆ ಎಣಿಸುತ್ತಿದ್ದಳು. ತುಳಜಾರಾಮ ಕೇಳಿದ, "ಸಾಹೇಬ್ರ, ಈ ಮಾತ್ ಹೇಳಿದ್ರಲ್ಲ, ಈಗ ನಿಮ್ಮ ನೌಕರಿ?"

"ಹೋಗತದ" ಎಂದೆ.

ಅವನು ಒಳ್ಳೆಯದಾಯಿತು ಎನ್ನಲಿಲ್ಲ, ಪಾಪ ಎಂದೂ ಅನ್ನಲಿಲ್ಲ. ಹೆಂಡತಿಯ ಕಡೆ ಸರಿದು ಬೆಂಚಿನ ತುದಿಯಲ್ಲಿ ಜಾಗ ಮಾಡಿದ. ನಾನು ಕೂತೆ. ಅದು ಅವನ ಕಣ್ಣಿಲ್ಲದ ಕಡೆ. ಪಕ್ಕದಲ್ಲೇ ಕೂತಿದ್ದರೂ ನಾನು ಅವನಿಗೆ ಕಾಣುತ್ತಿರಲಿಲ್ಲ. ಅವನು ಕುತ್ತಿಗೆಯನ್ನು ಪೂರ್ತಿ ನನ್ನ ಕಡೆ ತಿರುಗಿಸಿ, ಇದ್ದ ಒಂದು ಕಣ್ಣಿನಿಂದ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ನಾನು ಕಣ್ಣು ತಗ್ಗಿಸಲಿಲ್ಲ.

ಶಿವರಾಜ